ಅಂಬಲಿ ಇಟ್ಟ ರಾತ್ರಿ

ಮೈಸಲೂನಿನ ಈ ಹಳೆಯ ವಿಲ್ಲಾದಲ್ಲಿ
ಏಳು ಸಂಸಾರ, ಏಳು ಏಸಿ.
ಹಿಂದಿನ ಗೋಡೆಗುಂಟ ಅವು ತೊಟ್ಟಿಕ್ಕುವಲ್ಲಿ
ನನ್ನದೊಂದು ಮಡಿ: ಉದ್ದ ಮೂರು ಗಜ, ಅಗಲ ಒಂದು ಮೊಳ.
ಅಳತೆ ತಪ್ಪಿಲ್ಲ, ಟೇಪು ಹಿಡಿದೇ ಅಳೆದದ್ದು.

ಸಿಹಿಮಣ್ಣು ಅನ್ನುತ್ತಾರೆ ಇಲ್ಲಿ, ಚೀಲದಲ್ಲಿ ಮಾರುತ್ತಾರೆ.
ನಾಲಗೆಗೆ ಹಚ್ಚಿ ನೋಡಿದೆ. ಸಿಹಿಯೇನಿಲ್ಲ,
ಉಪ್ಪಿಲ್ಲ, ಅಷ್ಟೇ.
ಅದರೊಳಗೆ, ಗಜೇಂದ್ರಗಡದಿಂದ
ಅಂಗಿಗುಂಡಿಯ ಪೊಟ್ಟಣದಲ್ಲಿ ಬಂದ ಹಕ್ಕರಕಿ ಬೀಜ.

ಎರಡೆಲೆ ಬಿಟ್ಟ ದಿನ ಮಷೀನು ನಿಲ್ಲಿಸಿ ಓಡಿ ಬಂದಿದ್ದೆ.
ನಾಲ್ಕನೆಯ ಎಲೆಗೆ ತೂತು.
ಆರನೆಯದು ಬರೀ ದಂಟು.
ಗೋಡೆಯ ಮೇಲೆ ಬೆಳ್ಳಿಯ ಜರಿ ಎಳೆದ ಹಾಗೆ ಗೆರೆ.
ಇಪ್ಪತ್ತು ವರ್ಷ ಅಬಾಯಾ ತೋಳಿಗೆ ಜರಿ ಹಾಕಿದವನು ನಾನು,
ಇಷ್ಟು ಸಲೀಸಾದ ಗೆರೆ ಒಂದನ್ನೂ ಹೊಲಿದಿಲ್ಲ.

"ಸಿಂಬಳದ ಹುಳ," ಅಂದಳು ಜೈತುನಬಿ, ಸೆರಗು ಮೂಗಿಗೆ ಹಿಡಿದು.
ಬಸವನಹುಳದ ಪೈಕಿಯೇ, ಚಿಪ್ಪಿಲ್ಲ, ಅಂದೆ.
"ಇದರ ಮನಿ ಯಾರ ಕಸಗೊಂಡ್ರು?" ಕೇಳಿದಳು ತಸ್ಲೀಮಾ.
ಬಾಡಿಗಿ ಕಟ್ಟಿರಾಕಿಲ್ಲ, ಅಂದೆ.
ಯಾರೂ ನಗಲಿಲ್ಲ;
ಒಂದನೇ ತಾರೀಖು ಹತ್ತಿರವಿತ್ತು.

ಮೊಟ್ಟೆಚಿಪ್ಪು ಕುಟ್ಟಿ ಹಾಕು ಅಂದಳು ಎದುರು ಕೋಣೆಯ ಉಮ್ಮು ಹಾಜಿಮ್,
ತಾನೇ ತಂದು ಹಾಕಿದಳು, ಪಾಪ.
ಮರಳದಿಬ್ಬದ ಮೇಲೆ ಲ್ಯಾಂಡ್‌ಕ್ರೂಸರ್ ಹೋದಂತೆ
ಹಾದುಹೋದವು ಅದರ ಮೇಲೆಯೇ.
ಉಪ್ಪು ಸುರಿ ಅಂದ ಮೇಲಿನ ಕೋಯಾಕುಟ್ಟಿ.
ಉಪ್ಪೇ?
ಉಪ್ಪು ಕಳೆದ ನೀರಿಗೆ ಊರಿಗೆ ಊರೇ ದುಡ್ಡು ಕಟ್ಟುತ್ತಿದೆ ಇಲ್ಲಿ.
ಇವರ ಉಪ್ಪಿನ ಋಣ ನನ್ನ ಮೇಲಿರುವಷ್ಟು ಸಾಕು,
ಮಣ್ಣಿಗೂ ಹೊರಿಸಲಾರೆ.
ಅಂಗಡಿಯ ಹುಡುಗ ನೀಲಿ ಗುಳಿಗೆ ತೋರಿಸಿದ.
ಅಂಗಳದಲ್ಲಿ ಮೂರು ಬೆಕ್ಕು, ಅಂಬೆಗಾಲಿಕ್ಕುವ ಎರಡು ಕೂಸು.
ವಾಪಸು ಇಟ್ಟೆ.
ತಟ್ಟೆಯಲ್ಲಿ ಬಿಯರ್ ಇಡಬೇಕಂತೆ,
ಕುಡಿದು, ಅದರಲ್ಲೇ ಮುಳುಗುತ್ತವಂತೆ.
ಶಾರ್ಜಾದಲ್ಲಿ!
ಒಂದು ಹುಳಕ್ಕಾಗಿ ಅಜ್ಮಾನಿಗೆ ಹೋಗಿ, ಬಾಟಲಿ ಬಗಲಲ್ಲಿಟ್ಟು,
ಈ ಗಡ್ಡ ಹೊತ್ತು ಪೊಲೀಸರ ಮುಂದೆ ನಿಲ್ಲಲೇ?

ಜೈತುನಬಿ ಮಾತಾಡದೆ ಒಳಗೆ ಹೋದಳು.
ಮೂರು ದಿನದ ಜೋಳದ ಅಂಬಲಿ ತಂದಳು,
ಮುಚ್ಚಳ ತೆಗೆದರೆ ಹುಬ್ಬಿಗೆ ಹೊಡೆಯುವ ಹುಳಿ.
ಟ್ಯೂನಾ ಡಬ್ಬಿಗಳನ್ನು ಕಂಠದವರೆಗೆ ಹೂತೆವು.
ಒಂದೊಂದರಲ್ಲಿ ಎರಡೆರಡು ಸೌಟು.

ರಾತ್ರಿ ಎರಡು ಗಂಟೆ. ಟಾರ್ಚು ಬಾಯಲ್ಲಿ ಕಚ್ಚಿ,
ದಾರ ಕೀಳುವ ಚಿಮಟಿಗೆ ಕೈಯಲ್ಲಿ ಹಿಡಿದು ಕೂತೆ.
ಬಂದವು. ಅವಸರವಿಲ್ಲ ಅವಕ್ಕೆ.
ಕೊಂಬು ಚಾಚಿ, ಎಳೆದುಕೊಂಡು, ಮತ್ತೆ ಚಾಚಿ,
ಕರೆಂಟು ಹೋದಾಗ ಸೂಜಿಗೆ ದಾರ ಪೋಣಿಸುವವರ ಹಾಗೆ.
ಡಬ್ಬಿಯ ಅಂಚಿಗೆ ಸುತ್ತ ಕೂತವು,
ಹೇಳಿ ಕಳಿಸಿದ್ದಕ್ಕೆ ಬಂದವರಂತೆ.
ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ
ಅನ್ನುತ್ತಾರಲ್ಲ,
ಆ ಹೊತ್ತು ಅವನು ನಾನೇ.

ಬೆಳಗ್ಗೆ ಎಣಿಸಿದೆ: ಡಬ್ಬಿಯಲ್ಲಿ ಮೂವತ್ತೆಂಟು,
ಚಿಮಟಿಗೆಯಿಂದ ಸೋಪಿನ ನೀರಿಗೆ ಹೋದವು ಹನ್ನೊಂದು.
ಏನಾದರೂ ಅನಿಸಬೇಕಿತ್ತೇನೋ.
ಅನಿಸಲಿಲ್ಲ. ಚಹಾ ಕುಡಿದೆ. ಎರಡು ಅಬಾಯಾ ಕತ್ತರಿಸಿದೆ.
ಮೂರನೆಯದರ ತೋಳಿಗೆ ಜರಿ ಹಚ್ಚುವಾಗ ಮಾತ್ರ
ಪೆಡಲಿನ ಮೇಲೆ ಕಾಲು ಒಂದು ಗಳಿಗೆ ನಿಂತಿತು,
ಆ ಗೋಡೆಯ ಗೆರೆ ಎಲ್ಲಿ ತಿರುಗಿತ್ತು
ಅಂತ ನೆನಪು ಮಾಡಿಕೊಳ್ಳಲು.

ಅಂಬಲಿ ಹಾಕುತ್ತಲೇ ಇದ್ದೇವೆ, ಎರಡು ದಿನಕ್ಕೊಮ್ಮೆ.
ಹಗಲು ಮಣ್ಣು ಕೆದಕುತ್ತೇನೆ,
ಸಾಬುದಾಣಿಯಂಥ ಮೊಟ್ಟೆಗಳನ್ನು ಬಿಸಿಲಿಗೆ ಹಾಕುತ್ತೇನೆ.
ಇಲ್ಲಿಯ ಬಿಸಿಲಿಗೆ ಕೂಲಿ ಕೊಡಬೇಕಿಲ್ಲ.

ಮೊನ್ನೆ ಶುಕ್ರವಾರ, ರೊಟ್ಟಿಯ ಜೊತೆ ಮೊದಲ ಹಕ್ಕರಕಿ.
ಮೂವರಿಗೆ ಒಂಬತ್ತು ಎಲೆ, ಐದಕ್ಕೆ ತೂತು.
"ಹುಳದ ಎಂಜಲ," ಅಂದೆ.
"ತೊಳದೀನಿ, ತಿನ್ರಿ," ಅಂದಳು.
ತಸ್ಲೀಮಾ ಒಂದೆಲೆ ಕಣ್ಣಿಗೆ ಹಿಡಿದು
ತೂತಿನೊಳಗಿಂದ ನನ್ನನ್ನು ನೋಡಿದಳು, ಬಹಳ ಹೊತ್ತು.
ಕಹಿ ಇತ್ತು. ಊರಿನಷ್ಟು ಅಲ್ಲ.
ಉಪ್ಪು ಕೊಡು, ಅಂದೆ.