ಹಸಿ ಇದ್ದಾಗಲೇ

ನಗಬ್ಯಾಡ ಅಂತದ ಮುಖ.
ನಗಲಾಕ ಹೋದರ ಮೂಗಿನ ಎರಡೂ ಬಾಜೂಕ
ಚರ್ಮ ಜಗ್ಗತದ, ತಂಗಿ ಕುಪ್ಪಸ ನಾ ತೊಟ್ಟಂಗ.
ಕೂಸಿಗಿ ಇವತ್ತಿಗಿ ಮೂವತ್ತೊಂದು ದಿನ.

ಬಂದವರೆಲ್ಲಾ ಕೇಳ್ತಾರ:
ಹಾಲು ಸಾಲತಾವೇನು, ಹೊಲಿಗಿ ಮಾಯ್ದಾವೇನು,
ರಾತ್ರಿ ಮಲಗತದೇನು ಕೂಸು.
ಮುಖದ ಮಾತು ನಾ ಹ್ಯಾಂಗ ತೆಗೀಲಿ?
ಹಡೆದಾಕಿ ಕನ್ನಡಿ ಹಿಡಕೊಂಡು ಕುಂತಾಳ
ಅಂದ್ರ ಅಂದಾರು.

ಖಿಡಕಿಗಿ ಗೋಣಿ ಬಡದಾರ.
ಹೊರಸಿನ ಕೆಳಗ ಕೆಂಡ, ಕೆಂಡದ ಮ್ಯಾಲ ಅಜವಾನ,
ಬೆಳ್ಳುಳ್ಳಿ ಸಿಪ್ಪಿ, ಹಳೀ ಕೊಬ್ಬರಿ ಚೂರು.
ಗೋಣಿ ಆಚೀಗಿ ಜನವರಿ ಗಾಳಿ
ಶಹಾಬಾದಿನ ಫರ್ಸಿ ಧೂಳ ಹೊತ್ತು ತಿರಗತದ.
ಒಳಗಿನ ಹೊಗಿ, ಹೊರಗಿನ ಧೂಳ,
ನಡುವ ನನ್ನ ಎರಡು ಗಲ್ಲ.

ಅವ್ವ ಕಡ್ಲಿಹಿಟ್ಟು ಕಲಸಿದಳು,
ಅರಿಶಿಣ, ಹಾಲಿನ ಕೆನಿ.
‘ಬಾಣಂತಿ ಮಾರಿ ಬೆಳಗಬೇಕವ್ವ.’
ತಿಕ್ಕಿದ ಮ್ಯಾಲ ಬೆಳಗಿದ್ದು ಖರೆ,
ಖಾರದ ಕೈಲೆ ಕಣ್ಣು ಒರಸಿದಂಗ.
ಮಹಾನಂದಾ ವೈನಿ ಕಲಬುರಗಿಲಿಂದ ತಂದ
ಗುಲಾಬಿ ಕ್ರೀಮಿನಾಗ ಮಲ್ಲಿಗಿ ವಾಸನಿ ಇತ್ತು.
ಎರಡು ದಿನ ನಾ ಮಲ್ಲಿಗಿ ನಾತದಾಗ ಉರದೆ.
ಮಾಲಿಶಿನ ಚಾಂದಬೀ ನನ್ನ ಗದ್ದ ಎತ್ತಿ ನೋಡಿ
‘ಹಾಲಿನ ಕಾವು ಬೇಟಿ, ಹೋಗ್ತದ’ ಅಂದಳು.
ಯಾವಾಗ ಅಂತ ಅಕಿ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಹಾಲು ಕುಡಿಯುವಾಗ ಕೂಸು
ನನ್ನ ಗಲ್ಲದ ಮ್ಯಾಲ ಕೈ ಇಡತದ.
ಅದರ ಉಗುರು ಈರುಳ್ಳಿ ಪದರಿನಂಗ ತೆಳ್ಳಗ,
ಆದರೂ ಗೀರತದ.
ನಿನ್ನಿ ಮೊದಲನೇ ಸಲ
ಅದರ ಕೈ ಹಿಡದು ಕೆಳಗಿಟ್ಟೆ.
ಇಟ್ಟ ಮ್ಯಾಲ ಬಹಳ ಹೊತ್ತು
ಹಾಲಿಲ್ಲದ ಮೊಲಿಗಿ ಬಾಯಿ ಹಚ್ಚಿ ಹಂಗೇ ಇತ್ತು ಅದು.

ಸುಜಿ ಹಾಕಲಾಕ ಬಂದ ಪ್ರಭಾವತಿ ಸಿಸ್ಟರ್
ಕೂಸಿನಕಿಂತ ಮೊದಲು ನನ್ನ ನೋಡಿದಳು.
‘ಹಿಟ್ಟು ಬಿಡು. ಸಾಬೂನು ಬಿಡು. ಹೊಗಿ ಬಿಡು.
ಬರೇ ಉಗುರುಬೆಚ್ಚಗಿನ ನೀರು.
ವಾಸನಿ ಇಲ್ಲದ್ದು ಏನರೆ ಹಚ್ಚು.’
ಹೊಗಿ ಬಿಡು ಅಂದಾಗ ಅವ್ವನ ಮಾರಿ
ನನ್ನ ಮಾರಿಗಿಂತ ಬಿಗಿ ಆತು.

ಅಪ್ಪ ಹೊರಗ ಕಟ್ಟಿ ಮ್ಯಾಲ ಕೇಳಲತ್ತಿದ್ದ.
ಮೂವತ್ತು ವರ್ಷ ಫರ್ಸಿಗಿ ಪಾಲಿಶ್ ಹೊಡದ ಕೈ;
ಬೆರಳಿನ ಗೆರಿ ಎಲ್ಲಾ ಕಲ್ಲಿಗಿ ಹೋಗ್ಯಾವ.
ರೇಷನ್ ಅಂಗಡಿ ಮಷೀನು ಅವನಿಗಿ
‘ನೀ ಯಾರೂ ಅಲ್ಲ’ ಅಂತದ ಪ್ರತಿ ತಿಂಗಳಾ.
ಬಾಣಂತಿ ಖೋಲಿಗಿ ಗಂಡಸರು ಬರೂದಿಲ್ಲ.
ಬಾಗಿಲ ತನ ಬಂದು, ಹೊಸ್ತಿಲ ಮ್ಯಾಲ
ಅಂವ ಕೈಗಿ ಹಚ್ಚೋ ವ್ಯಾಸಲೀನ್ ಡಬ್ಬಿ ಇಟ್ಟ.
ಮುಚ್ಚಳಕ್ಕ ಬಿಳೀ ಧೂಳ.
ನನ್ನ ನೋಡಲಿಲ್ಲ. ಚೌಕಟ್ಟಿಗಿ ಹೇಳಿದ:
‘ಕಲ್ಲು ಒಣಾ ಇದ್ದಾಗ ಕೊಯ್ದರ ಚಕ್ಕಿ ಏಳ್ತದ.
ಮೊದಲು ನೀರು ಬಿಡಬೇಕು.
ಹಸಿ ಇದ್ದಾಗಲೇ ಹಚ್ಚು, ಒರಸಬ್ಯಾಡ.’

ಹುಟ್ಟಿದ ವಾರದಾಗ ಕೂಸಿನ ಕಾಲೂ ಸುಲದಿತ್ತು,
ಹಿಮ್ಮಡ, ಮುಂಗೈ, ಕಿವಿ ಹಿಂದ.
ಆಗ ಎಲ್ಲಾರೂ ಅಂದಿದ್ದರು:
ಏನಿಲ್ಲ, ಹೊಸ ಚರ್ಮ ಬರಲತ್ತದ.
ನನಗ ಹಂಗ ಅಂದವರು ಯಾರೂ ಇಲ್ಲ.
ರಾತ್ರಿ ಎರಡು ಗಂಟೆಕ್ಕ, ಮುಖದಿಂದ ನೀರು ಇಳಿಯುವಾಗ,
ನಾನೇ ಅಂದೆ. ಸಣ್ಣಗ.
ಅವ್ವ ಎದ್ದು ‘ಯಾರ ಕೂಡ ಮಾತಾಡಲತ್ತಿ?’ ಅಂದಳು.

ಇವತ್ತು ಕೆಂಡ ಖೋಲಿ ಹೊರಗದ.
ಗೋಣಿ ಒಂದು ಮೂಲಿ ಮಡಚ್ಯಾದ,
ಅವ್ವನೇ ಮಡಚ್ಯಾಳ, ಹೇಳೂದಿಲ್ಲ.
ಎಡಗಡಿ ಮೂಗಿನ ಬುಡಕ ರೂಪಾಯಿ ಅಗಲ ಇನ್ನೂ ಉರಿ ಅದ.
ಉಳಿದದ್ದು ಬರೇ ಜಿಡ್ಡು.
ಕೂಸು ಕೈ ಇಟ್ಟರ ಜಾರತದ,
ಮತ್ತ ಇಡತದ,
ಮತ್ತ ಜಾರತದ.
ಅದರ ಅಂಗೈ ತುಂಬ
ಅಪ್ಪನ ಕೈ ವಾಸನಿ.