ಅರವತ್ತಕ್ಕ ಕುಂತ ಮುಳ್ಳು

ನೂರಿಪ್ಪತ್ತಕ್ಕ ಹೋಗಬೇಕಾದ ಮುಳ್ಳು
ಅರವತ್ತಕ್ಕ ಕುಂತೈತಿ;
ಮೋಟಾರು ಮಾತ್ರ ನಿಂದ್ರವಲ್ದು.

ಬೆಲ್ಟ್ ಬಿಗಿದೆ. ತಳದ ನಳ ತಿರುವಿ
ತುಕ್ಕಿನ ನೀರು ಬಿಟ್ಟೆ.
ಅರ್ಧ ಬಣ್ಣ ಹೊಡದ ತಿಜೋರಿ
ಹಿತ್ತಲದಾಗ ನನ್ನಽ ನೋಡಕೋಂತ ನಿಂತೈತಿ.

ಸಂದಿ ಸಂದಿಗೆ ಸಾಬಾಣ ನೊರಿ ಹಚ್ಚಿದೆ,
ಒಂದು ಗುಳ್ಳಿ ಏಳಲಿಲ್ಲ.
"ಕಿವಿ ಕೊಟ್ಟು ಕೇಳ್ರಿ" ಅಂದ್ಲು ಶಾವಂತ್ರಿ.
ಏನ ಕೇಳೂದು? ಗ್ವಾಡಿ ಆಚೆ
ಬಾಕಳೆಯವರ ಹನ್ನೆರಡು ಮಗ್ಗ
ಲಟಕ್ ಪಟಕ್ ಲಟಕ್ ಪಟಕ್.

ನಾಕಕ್ಕ ಕರೆಂಟ್ ಹೋತು.
ಬೆಟಗೇರಿ ಒಮ್ಮೆಲೆ ಬಾಯಿ ಮುಚ್ಚಿತು.

ಆಗ ಬಂತು, ಸ್ಸ್...
ಎಳಕೊಂಡ ಬಾಯಿಂದನಽ, ಫಿಲ್ಟರಿಂದನಽ
ಗಾಳಿ ತಿರುಗಿ ಮನಿಗೆ ಹೊಂಟಿತ್ತು.

ಹೆಡ್ ಬಿಚ್ಚಿದೆ: ಬೆಳ್ಳುಳ್ಳಿ ಸಿಪ್ಪಿಯಂಥಾ ವಾಲ್ವ್,
ತುದಿಗೆ ಕೂದಲೆಳಿ ಸೀಳು.
"ಇಷ್ಟನಽ?" ಅಂದ್ಲು ಬೆಳಕಿಗೆ ಹಿಡದು.

ಕರೆಂಟ್ ಬಂತು. ಲಟಕ್ ಪಟಕ್.
ನಾ ಏನಂದೆ,
ಆಕಿಗೆ ಕೇಳಿಸಲಿಲ್ಲ.