ವಾರಿಗೆಯ ಗ್ರಹ

ನಿಪ್ಪಾಣಿಯ ಹಳೇ ರಸ್ತೆಯಲ್ಲಿ ತಂಬಾಕಿನ ಘಾಟು
ಈಗಲೂ ಮಧ್ಯಾಹ್ನ ಮೂರಕ್ಕೆ ಏಳುತ್ತದೆ.
ಅಲ್ಲೇ, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ದಾದು ಗುರವನ ಕಂಪ್ಯೂಟರ್ ಜಾತಕದ ಖೋಲಿ.
ಅಜ್ಜಿಯನ್ನು ಕರಕೊಂಡು ಹೋದದ್ದು ಭವಿಷ್ಯಕ್ಕಲ್ಲ;
ಪಿಂಚಣಿ ಕಾಗದದ ಝೆರಾಕ್ಸಿಗೆ. ಕರೆಂಟು ಹೋಗಿತ್ತು,
ಕೂಡಲು ನೆರಳು ಬೇಕಿತ್ತು.

ಗುರವ ಕೇಳಿದ: ಹುಟ್ಟಿದ ತಾರೀಖು?
ಅಕ್ಕಾತಾಯಿ ನಕ್ಕಳು. ಬಾಯೊಳಗೆ ಎರಡೇ ಹಲ್ಲು.
'ವೇದಗಂಗಾ ಹೊಳಿ ನಮ್ಮ ಹಿತ್ತಲಕ್ಕ ಬಂದ ವರ್ಷ.
ಎಮ್ಮಿ ಹರಕೊಂಡು ಹೋತು, ನಾ ಉಳದೆ.'

'ಸಾಕು,' ಅಂದ ಗುರವ. ಕಂಪ್ಯೂಟರ್ ಕಪ್ಪಾಗಿತ್ತು,
ಮರಾಠಿ ಪಂಚಾಂಗ ತೆಗೆದ, ಬೆರಳ ಗೆಣ್ಣು ಎಣಿಸಿದ.
'ಲಗ್ನಕ್ಕ ನಿಮಿಷ ಬೇಕು, ಚಂದ್ರಗ ತಾಸು ಬೇಕು,
ಹರ್ಷಲಗ ಅಂದಾಜು ಸಾಕು.
ಒಂದೊಂದು ರಾಶ್ಯಾಗ ಏಳೇಳು ವರ್ಷ ಕುಂಡ್ರತಾನ.
ಶನಿ ಬಂದ್ರ ಒಂದು ಮನಿಗೆ ಬರ್ತಾನ, ಬಾಕಿ ಕೇಳಾಂವನ ಗತೆ.
ಇಂವ ಹಂಗಲ್ಲ, ಇಡೀ ವಾರಿಗಿಗೇ ಬರ್ತಾನ.
ಆ ಏಳು ವರ್ಷದಾಗ ಹುಟ್ಟಿದವರಿಗೆಲ್ಲಾ
ಬಿಡುಗಡಿ ಅಂದ್ರ ಇದ ಅಂತ ಒಂದೇ ಹುಚ್ಚು ಹಚ್ಚತಾನ.
ಎಂಬತ್ನಾಲ್ಕು ವರ್ಷಕ್ಕ ಒಂದು ಸುತ್ತು.
ಆಯಿ, ನಿಮ್ಮ ಹರ್ಷಲ ತಿರುಗಿ ಬಂದಾನ್ರಿ.'

'ಯಾರ ಮಗಾ ಅಂವ?' ಅಂದಳು ಅಜ್ಜಿ. ಆಮೇಲೆ,
'ಬರಿಗೈಲೆ ಬಂದಾನೋ, ಏನರ ತಂದಾನೋ?'

ನನಗೆ ನಂಬಿಕೆಯಿಲ್ಲ. ಆದರೂ ಆಟೋದಲ್ಲಿ
ಆ ಮಾತು ನಮ್ಮಿಬ್ಬರ ನಡುವೆ ಒತ್ತರಿಸಿ ಕೂತಿತ್ತು.

ಅಜ್ಜಿಯ ಕಾಲಕ್ಕೆ ವಖಾರಿಗೆ ಹೊರಗಿನಿಂದ ಚಿಲಕ.
ತಂಬಾಕು ತೂಗುತ್ತಿದ್ದರು, ಒಳಗೆಷ್ಟು ಹೆಂಗಸರು
ಅಂತ ಯಾರೂ ಬರೆದಿಡುತ್ತಿರಲಿಲ್ಲ.
ಅವಳ ವಾರಿಗೆಯವರು ಕನಸಿನಲ್ಲಿ ಕಂಡದ್ದು
ಚಿಲಕ ಒಳಮಗ್ಗುಲಿಗಿರುವ ಒಂದು ಬಾಗಿಲು. ಅಷ್ಟೇ.
ಅದರಾಚೆ ಮನೆ ಇರಲಿ, ಇಲ್ಲದಿರಲಿ.

ಅವ್ವನಿಗೆ ಬೇಕಾದದ್ದು ಹೆಸರು.
ಸಾವಿರ ಬೀಡಿಯಲ್ಲಿ ನೂರನ್ನು ಛಾಟು ಅಂತ ಎಸೆದ
ಮುಕಾದಮನ ಎದುರು ಮೂರು ದಿನ ರಸ್ತೆಯಲ್ಲಿ ಕೂತಳು,
ಬರಿ ನನ್ನ ಹೆಸರ, ರಿಜಿಸ್ಟರದಾಗ ಬರಿ, ಅಂತ.
ನಾನು ಹೊಟ್ಟೆಯಲ್ಲಿದ್ದೆ; ಘೋಷಣೆಗೊಮ್ಮೆ ಒದೆಯುತ್ತಿದ್ದೆನಂತೆ.
ಕಾರ್ಡು ಬಂತು. ಶಾಲನ್ ಹೋಗಿ ಶಾಲಿನಿ ಆಗಿತ್ತು.
ತಿದ್ದಿಸಲಿಲ್ಲ ಅವ್ವ. ಟ್ರಂಕಿನಲ್ಲಿ, ಧಾರೆ ಸೀರೆಯ ಮೇಲೆ
ಇಟ್ಟಿದ್ದಾಳೆ ಆ ಪರರ ಹೆಸರನ್ನು.

ನನ್ನದನ್ನು ಇಲ್ಲಿ ಬರೆಯುವುದಿಲ್ಲ.
ಗಂಡ ಓದುತ್ತಾನೆ.

ಮಗಳು ಋತುಜಾ, ಹತ್ತೊಂಬತ್ತು. ಫೋನಿನ ಲೊಕೇಶನ್ ಆರಿಸಿ
ಮನೆಯವರ ಗ್ರೂಪಿನಿಂದ ಹೊರಬಿದ್ದಿದ್ದಳು ಆ ವಾರ.
'ನಾ ಎಲ್ಲಿದೀನಿ ಅಂತ ಯಾರಿಗೂ ಗೊತ್ತಿರಬಾರದು. ಅಷ್ಟ.'
ಅಜ್ಜಿ ಎಲೆಯಿಲ್ಲದ ಬೆರಳಲ್ಲಿ ಬೀಡಿ ಕಟ್ಟುತ್ತ ಅಂದಳು:
'ಅಯ್ಯ ಕೂಸ, ನಿನ್ನ ವಯಸ್ಸಿನಾಗ
ನಾ ಎಲ್ಲಿದೀನಿ ಅಂತ ಯಾರಿಗೂ ಗೊತ್ತಿರಲಿಲ್ಲ.
ಅತ್ತರೂ ಗೊತ್ತಾಗತಿರಲಿಲ್ಲ.'
ಒಳಗೆ ಅವ್ವನ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯಿತು.
ಋತುಜಾ ಏನೂ ಅನ್ನಲಿಲ್ಲ. ನಾನೂ.

ರಾತ್ರಿ ಮತ್ತೆ ಕರೆಂಟು ಹೋಯಿತು. ಮೇ ತಿಂಗಳ ಧಗೆ,
ನಾಲ್ವರೂ ಮಾಳಿಗೆ ಮೇಲೆ, ಒಂದೇ ಜಮಖಾನೆ.
'ನಿನ್ನ ಹರ್ಷಲನ್ನ ತೋರಸ್ತೀನಿ ತಡಿ ಆಯಿ'
ಅಂತ ಫೋನನ್ನು ಆಕಾಶಕ್ಕೆ ಹಿಡಿದಳು ಹುಡುಗಿ.
ಅದು ಕೇಳಿತು: ನೀವು ಎಲ್ಲಿದ್ದೀರಿ?
ಹೇಳದಿದ್ದರೆ ಒಂದು ಚುಕ್ಕಿಯನ್ನೂ ತೋರಿಸುವುದಿಲ್ಲ.
ಹೆಬ್ಬೆರಳು ಗಾಜಿನ ಮೇಲೆ ಸ್ವಲ್ಪ ಹೊತ್ತು ನಿಂತೇ ಇತ್ತು.
ಆಮೇಲೆ ಒತ್ತಿದಳು.

ಬಾಣದ ಗುರುತು ಎಲ್ಲ ನಕ್ಷತ್ರ ದಾಟಿ ಕೆಳಗಿಳಿಯಿತು,
ನೀರಿನ ಟಾಕಿ, ಒಣಹಾಕಿದ ಲಂಗ, ಗೋಡೆ,
ಕೊನೆಗೆ ಜಮಖಾನೆಯ ಅಂಚಿನಲ್ಲಿ ನಿಂತಿತು, ನೆಟ್ಟಗೆ ನೆಲಕ್ಕೆ.
'ಕೆಳಗದಾನ ಆಯಿ. ಭೂಮಿ ಆಚಿ ಮಗ್ಗಲ.
ನಿನ್ನ ಕಾಲ ಬುಡಕ್ಕ.'

ಅಕ್ಕಾತಾಯಿ ಒಂದು ಗಳಿಗೆ ಆ ಬೆಳಕನ್ನು ನೋಡಿ
ನಿರಿಗೆ ಎತ್ತಿ, ಎರಡೂ ಪಾದ
ಒಂದು ಗೇಣು ಆಚೆ ಸರಿಸಿದಳು.